ಗರಸು ಗುಂಡಿ: ಅಗೆಯುವ ಮುನ್ನವೇ ಮುಚ್ಚುವ ಲೆಕ್ಕ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಗರಸು ಗುಂಡಿಗಳ, ಅಂದರೆ ರಸ್ತೆಗೆ ಹಾಕುವ ಒರಟು ಕಲ್ಲುಮಣ್ಣು ತೆಗೆಯುವ ಗುಂಡಿಗಳ, ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ನಾಲ್ಕರ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲಿ ಹೇಳಿದ್ದನ್ನು ಮಾಡದೇ ಹೋದದ್ದರಿಂದ ಬಂದವು.

ಪ್ರಶ್ನೆ: ಅರಸೀಕೆರೆ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಖುಷ್ಕಿ ಜಮೀನು. ಪೂರ್ವದ ಮೂಲೆಯಲ್ಲಿ ಸಣ್ಣದೊಂದು ಹಳೇ ಗರಸು ಗುಂಡಿ ಇದೆ. ಪರವಾನಗಿ ಪಡೆದು ಅದನ್ನೇ ಹಂತಹಂತವಾಗಿ ದೊಡ್ಡದು ಮಾಡಿ, ನಾಲ್ಕೈದು ವರ್ಷದಲ್ಲಿ ಗರಸು ತೆಗೆದು, ಜಮೀನನ್ನು ಮತ್ತೆ ಬೇಸಾಯಕ್ಕೆ ತರಬೇಕು ಎಂದಿದ್ದೇವೆ. ಸಾಧ್ಯವಾದರೆ ತೆಂಗು ಇಡುವ ಆಸೆ. ಜಮೀನನ್ನು ಹೇಗೆ ಭಾಗ ಮಾಡಿಕೊಳ್ಳಬೇಕು?

ಉತ್ತರ: ಭಾಗ ಮಾಡುವ ಮೊದಲು ಮಣ್ಣಿನ ಜಮಾ-ಖರ್ಚು ಬರೆಯಿರಿ. ಜಮೀನು 160 ಮೀಟರ್ ಉದ್ದ, 100 ಮೀಟರ್ ಅಗಲ, ಹೆಚ್ಚುಕಡಿಮೆ ಸಮತಟ್ಟು ಎಂದುಕೊಳ್ಳೋಣ. ಅದು 3 ಎಕರೆ 38 ಗುಂಟೆ. ಸುತ್ತ ಗಡಿಯಿಂದ 7.5 ಮೀಟರ್ ಒಳಗೆ ಅಗೆಯುವಂತಿಲ್ಲ. ಹಾಗೆ ಬಿಟ್ಟರೆ ಅಗೆಯಲು ಸಿಗುವುದು 145ಕ್ಕೆ 85 ಮೀಟರ್. ಗಡಿಪಟ್ಟಿಗೇ 36 ಗುಂಟೆ ಹೋಯಿತು. ನಾಲ್ಕು ಎಕರೆಯೂ ಗರಸು ಎಂದು ಗುತ್ತಿಗೆದಾರನ ಜೊತೆ ಮಾತಾಡಿದ್ದರೆ ಇಲ್ಲೇ ತಿದ್ದಿಕೊಳ್ಳಿ.

ಆಳ 6 ಮೀಟರ್, ಬದಿಗಳು 45 ಡಿಗ್ರಿ ಓರೆ ಎಂದಿಟ್ಟುಕೊಂಡರೆ ಒಟ್ಟು ಗುಂಡಿ ಸುಮಾರು 66,000 ಘನ ಮೀಟರ್. ಮೇಲಿನ 30 ಸೆಂಟಿಮೀಟರ್ ಮೇಲ್ಮಣ್ಣು 3,650, ಅದರ ಕೆಳಗೆ 70 ಸೆಂಟಿಮೀಟರ್ ಕೆಂಪು ಮಣ್ಣಿದ್ದರೆ ಅದು 8,400. ಗರಸು ಎಂದು ಮಾರಬಹುದಾದದ್ದು 54,000 ಘನ ಮೀಟರ್ ಆಸುಪಾಸು. ಅಗೆದಾಗ ಅದು ನೂರಕ್ಕೆ ಇಪ್ಪತ್ತರಷ್ಟು ಉಬ್ಬುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೆ 6 ಘನ ಮೀಟರಿನ ಟಿಪ್ಪರಿನಲ್ಲಿ ವರ್ಷಕ್ಕೆ 2,700 ಲೋಡು. ಮಳೆಗಾಲ ಕಳೆದು 200 ದಿನ ಕೆಲಸ ನಡೆದರೆ ದಿನಕ್ಕೆ ಹದಿಮೂರು ಹದಿನಾಲ್ಕು ಲೋಡು. ಊರಿನ ರಸ್ತೆ ಅಷ್ಟನ್ನು ತಡೆಯುತ್ತದೆಯೇ ಎಂಬುದನ್ನೂ ಈಗಲೇ ನೋಡಿ.

ಇನ್ನು ಮುಚ್ಚುವ ಲೆಕ್ಕ. 45 ಡಿಗ್ರಿ ಓರೆಯಲ್ಲಿ ಮೇಲ್ಮಣ್ಣು ನಿಲ್ಲುವುದಿಲ್ಲ, ದನವೂ ಮೇಯುವುದಿಲ್ಲ. ಒಂದಕ್ಕೆ ಮೂರರ ಇಳಿಜಾರು, ಅಂದರೆ ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಡ್ಡ, ಬೇಸಾಯಕ್ಕೆ ಒಳ್ಳೆಯದು. ಆದರೆ ಗುಂಡಿಯ ನಾಲ್ಕೂ ಬದಿಯನ್ನು ಹಾಗೆ ಮಾಡಲು 14,250 ಘನ ಮೀಟರ್ ಮಣ್ಣು ತುಂಬಬೇಕು. ನಿಮ್ಮಲ್ಲಿ ಅಷ್ಟಿಲ್ಲ. ಒಂದಕ್ಕೆ ಎರಡರ ಇಳಿಜಾರಿಗೆ 7,400 ಸಾಕು. ನಿಮ್ಮ ಕೆಂಪು ಮಣ್ಣು 8,400, ಹದವಾಗಿ ತುಳಿಸಿದ ಮೇಲೂ ನೂರಕ್ಕೆ ಐದರಷ್ಟು ಉಬ್ಬು ಉಳಿದರೆ 8,800. ಇಳಿಜಾರಿಗೆ ಹಾಕಿ 1,400 ಉಳಿಯಿತು. ಅದನ್ನು ತಳದಲ್ಲಿ 70 ಸೆಂಟಿಮೀಟರ್ ದಪ್ಪ ಹರಡಿದರೆ 20 ಗುಂಟೆಗೆ ಬರುತ್ತದೆ. ನಿಮ್ಮ ತೆಂಗು ಆ 20 ಗುಂಟೆಗೆ ಮಾತ್ರ. ಉಳಿದ ತಳದಲ್ಲಿ ಒಂದು ಗೇಣು ಮೇಲ್ಮಣ್ಣು, ಅದರ ಕೆಳಗೆ ಗರಸು. ಅಲ್ಲಿ ಹುರುಳಿ, ಮೇವಿನ ಹುಲ್ಲು, ಸೀತಾಫಲ, ಹೊಂಗೆ, ಗೇರು. ಹಳೆಯ ಹೊಲ ಇದ್ದ ಹಾಗೆಯೇ ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಈ ಲೆಕ್ಕ ಕೇಳಿ.

ಆದ್ದರಿಂದ ಕೆಂಪು ಮಣ್ಣನ್ನು ಒಂದು ಲೋಡೂ ಹೊರಗೆ ಬಿಡಬೇಡಿ. ಮೊದಲ ವರ್ಷ ಅದು ಅಡ್ಡ ಬಂದ ವಸ್ತುವಿನಂತೆ ಕಾಣುತ್ತದೆ, ಯಾರಾದರೂ ಸೈಟು ತುಂಬಲು ಕೇಳಿಕೊಂಡು ಬರುತ್ತಾರೆ, ಕೊಟ್ಟುಬಿಡುವುದು ಸುಲಭ. ನಾಲ್ಕನೇ ವರ್ಷ ಅದನ್ನೇ ದುಡ್ಡು ಕೊಟ್ಟು ಬೇರೆಲ್ಲಿಂದಲೋ ತರಿಸಬೇಕಾಗುತ್ತದೆ.

ಈ ಅಂಕಿಗಳೆಲ್ಲ 30 ಮತ್ತು 70 ಸೆಂಟಿಮೀಟರ್ ಎಂಬ ಊಹೆಯ ಮೇಲೆ ನಿಂತಿವೆ. ನಿಮ್ಮ ನೆಲದ ನಿಜ ತಿಳಿಯಲು 30 ಮೀಟರಿಗೊಂದರಂತೆ ಹದಿನೈದು ಪರೀಕ್ಷಾ ಗುಂಡಿ ತೆಗೆಸಿ. ಜೆಸಿಬಿಯ ಕೈ ನಾಲ್ಕೂವರೆ ಮೀಟರಿನಷ್ಟು ಇಳಿಯುತ್ತದೆ. ಅದಕ್ಕಿಂತ ಕೆಳಗಿನದನ್ನು ಹಳೇ ಗುಂಡಿಯ ತಳದಲ್ಲಿ ಅಗೆಸಿ ನೋಡಬಹುದು. ಪ್ರತಿ ಗುಂಡಿಯಲ್ಲೂ ಮೇಲ್ಮಣ್ಣು, ಕೆಂಪು ಮಣ್ಣು, ಗರಸು, ಬಂಡೆ ಎಷ್ಟೆಷ್ಟು ಆಳಕ್ಕೆ ಬಂತು, ನೀರು ಜಿನುಗಿತೇ ಎಂದು ಬರೆದುಕೊಂಡು, ಅದೇ ಕ್ರಮದಲ್ಲಿ ಮುಚ್ಚಿಸಿ. ಎರಡು ಮೂರು ಕಡೆಯ ಗರಸನ್ನು ಪ್ರಯೋಗಾಲಯಕ್ಕೂ ಕೊಡಿ. ಹೆದ್ದಾರಿ ಕಾಮಗಾರಿಯಲ್ಲಿ ರಸ್ತೆಯ ತಳಪದರಕ್ಕೆ ಲಿಕ್ವಿಡ್ ಲಿಮಿಟ್ 25, ಪ್ಲಾಸ್ಟಿಸಿಟಿ ಇಂಡೆಕ್ಸ್ 6 ಮೀರಬಾರದು (ಮಣ್ಣಿನ ಜೇಡಿ ಗುಣವನ್ನು ತೋರಿಸುವ ಅಂಕಿಗಳಿವು). ಜೇಡಿ ಹೆಚ್ಚಿದ್ದರೆ ಅದು ಬರೀ ತುಂಬು ಮಣ್ಣಿನ ಬೆಲೆಗೆ ಹೋಗುತ್ತದೆ, ಆಗ ಇಷ್ಟೆಲ್ಲ ಮಾಡುವುದು ಗಿಟ್ಟುತ್ತದೆಯೇ ಎಂದು ಮತ್ತೆ ಯೋಚಿಸಬೇಕು.

ಭಾಗ ಮಾಡುವುದು ಈಗ. 145 ಮೀಟರ್ ಉದ್ದವನ್ನು ತಲಾ 36 ಮೀಟರಿನ ನಾಲ್ಕು ಪಟ್ಟಿ ಮಾಡಿ. ನೆಲ ಯಾವ ಕಡೆ ವಾಲಿದೆಯೋ ಆ ತಗ್ಗಿನ ಕಡೆಯಿಂದ ಶುರು ಮಾಡಿ ಏರಿನ ಕಡೆ ಹೋಗಬೇಕು. ಹಳೇ ಗುಂಡಿ ತಗ್ಗಿನಲ್ಲಿದ್ದರೆ ಅದೇ ಒಂದನೇ ಪಟ್ಟಿಯೊಳಗೆ ಸೇರಲಿ. ಏರಿನಿಂದ ಶುರು ಮಾಡಿದವರಿಗೆ ಮಳೆಯ ನೀರೆಲ್ಲ ಕೆಲಸ ನಡೆಯುವ ಜಾಗಕ್ಕೇ ಬಂದು ನಿಲ್ಲುತ್ತದೆ, ಟಿಪ್ಪರ್ ಹೂತುಕೊಳ್ಳುತ್ತದೆ, ಆಮೇಲೆ ಪಂಪು, ಡೀಸೆಲ್.

ಒಂದನೇ ಪಟ್ಟಿಯ ಮಣ್ಣಿಗೆ ಮಾತ್ರ ತಾತ್ಕಾಲಿಕ ಜಾಗ ಬೇಕು. ಅದರ ಮೇಲ್ಮಣ್ಣು, ಉಬ್ಬಿದ ಮೇಲೆ, ಸುಮಾರು 1,100 ಘನ ಮೀಟರ್. ಗಡಿಪಟ್ಟಿಯ ಮೇಲೆ ಬದುವಿನಂತೆ ಹಾಕಿ: ತಳ 4.5 ಮೀಟರ್, ಮೇಲೆ 1.5 ಮೀಟರ್, ಎತ್ತರ 1.2 ಮೀಟರ್. ಹೀಗೆ ಮಾಡಿದರೆ 306 ಮೀಟರ್ ಉದ್ದಕ್ಕೆ ಮುಗಿಯುತ್ತದೆ, ಗುಂಡಿಯ ಅಂಚಿಗೂ ಬದುವಿಗೂ ನಡುವೆ 3 ಮೀಟರ್ ಖಾಲಿ ಉಳಿಯುತ್ತದೆ. ಆ 3 ಮೀಟರಿನಲ್ಲಿ ಕಲ್ಲು, ಮಣ್ಣು, ಮರ ಏನೂ ಇರಕೂಡದು. ಏರಿನ ಕಡೆ ಬದು ಬೇಡ, ಅಲ್ಲಿ ಹೊರಗಿನ ನೀರು ತಿರುಗಿಸುವ ಕಾಲುವೆ ಬರಬೇಕು. ಮೇಲ್ಮಣ್ಣನ್ನು ಎತ್ತರಕ್ಕೆ ಗುಡ್ಡೆ ಹಾಕಿದರೆ ಒಳಗಿನದು ಗಾಳಿಯಿಲ್ಲದೆ ಸತ್ತಂತಾಗುತ್ತದೆ. ಒಂದೂವರೆ ಮೀಟರ್ ದಾಟಿಸಬೇಡಿ. ಮೇಲೆ ಹುರುಳಿ ಚೆಲ್ಲಿ. ಒದ್ದೆ ಇರುವಾಗ ಮೇಲ್ಮಣ್ಣು ಕೆರೆಸಲೂ ಬಾರದು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಿ, ಬೀಳಿಸಿದರೂ ಒಡೆಯದಿದ್ದರೆ ಇನ್ನೂ ಎರಡು ದಿನ ಕಾಯಿರಿ.

ಒಂದನೇ ಪಟ್ಟಿಯ ಕೆಂಪು ಮಣ್ಣು ನಾಲ್ಕನೇ ಪಟ್ಟಿಯಲ್ಲಿ ಎರಡೂವರೆ ಮೀಟರ್ ಎತ್ತರದ ಗುಡ್ಡೆಯಾಗಿ ಕೂರಲಿ. ಅದಕ್ಕೆ ಮೊದಲು ಆ ಜಾಗದ ಮೇಲ್ಮಣ್ಣನ್ನು ಕೆರೆದು ಪಕ್ಕಕ್ಕೆ ಇಡಬೇಕು. ಇಲ್ಲವಾದರೆ ಮಣ್ಣಿನ ಕೆಳಗೆ ಮಣ್ಣು ಕಳೆದುಹೋಗುತ್ತದೆ. ಎರಡನೇ ಪಟ್ಟಿ ತೆರೆಯುವಾಗ ಅದರ ಕೆಂಪು ಮಣ್ಣು ನೇರ ಒಂದನೇ ಪಟ್ಟಿಯ ಬದಿಗೆ ಹೋಗುತ್ತದೆ, ಮೂರನೆಯದು ಎರಡನೆಯದಕ್ಕೆ. ಒಂದೇ ಸಲ ಎತ್ತಿ, ಒಂದೇ ಸಲ ಇಳಿಸಬೇಕು. ನಡುವೆ ಎಲ್ಲೋ ಸುರಿದು ಮತ್ತೆ ಎತ್ತಿದರೆ ಹಿಟಾಚಿಯ ಗಂಟೆ ಬಾಡಿಗೆ ಎರಡು ಪಟ್ಟು. ನಾಲ್ಕನೇ ಪಟ್ಟಿ ತೆರೆದಾಗ ಅದರ ಮಣ್ಣೂ ಅಲ್ಲಿದ್ದ ಗುಡ್ಡೆಯೂ ಕೊನೆಯ ಎರಡು ಪಟ್ಟಿಗೆ ಮತ್ತು ತೆಂಗಿನ 20 ಗುಂಟೆಗೆ. ಐದನೇ ವರ್ಷ ಮುಚ್ಚುವ ಕೆಲಸಕ್ಕೇ ಮೀಸಲು.

ಟಿಪ್ಪರ್ ಇಳಿಯುವ ದಾರಿಯನ್ನು ಉದ್ದದ ಒಂದು ಬದಿಯಲ್ಲಿ ಕೊನೆಯವರೆಗೂ ಉಳಿಯುವಂತೆ ಇಡಿ. ಹದಿನಾರಕ್ಕೊಂದರ ಏರಾದರೆ 6 ಮೀಟರ್ ಆಳಕ್ಕೆ 96 ಮೀಟರ್ ದಾರಿ ಬೇಕು. ಬಹುತೇಕ ಗುಂಡಿಗಳಲ್ಲಿ ದಾರಿಯ ಬಗ್ಗೆ ಯೋಚಿಸುವುದು ಎರಡನೇ ವರ್ಷ. ಆಗ ಮುಚ್ಚಿದ ಪಟ್ಟಿಯ ಮೇಲೆಯೇ ಗಾಡಿ ಓಡಿ ಹರಡಿದ ಮಣ್ಣು ಸಿಮೆಂಟ್ ನೆಲದಂತಾಗುತ್ತದೆ.

ಬದಿ ತುಂಬುವ ಕ್ರಮ ಗಮನಿಸಿ. ಮೇಲಿನಿಂದ ಟಿಪ್ಪರ್ ಎತ್ತಿ ಸುರಿದ ಮಣ್ಣು ಸಡಿಲವಾಗಿ ನಿಂತು, ಮೊದಲ ಜೋರು ಮಳೆಗೆ ಹಳೇ ದರೆಯ (ಅಗೆದ ಬದಿಯ) ಮೇಲೆ ಜಾರಿ ಕೆಳಗೆ ಬರುತ್ತದೆ. ಹಳೇ ಓರೆಯಲ್ಲಿ ಒಂದೊಂದು ಮೀಟರ್ ಅಗಲದ ಮೆಟ್ಟಿಲು ಕಡಿದುಕೊಂಡು, ಕೆಳಗಿನಿಂದ ಮೇಲಕ್ಕೆ 30 ಸೆಂಟಿಮೀಟರ್ ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಯಂತ್ರ ಓಡಿಸಿ ತುಳಿಸಬೇಕು. ಮೇಲಿನ ಒಂದಡಿ ಮಾತ್ರ ತುಳಿಸಬೇಡಿ, ಅದು ಬೇರಿಗೆ. ತಳವನ್ನು ಬಂಡೆ ಕಾಣುವವರೆಗೂ ಕೆರೆಯದೆ ಕಡೇಪಕ್ಷ ಅರ್ಧ ಮೀಟರ್ ಗರಸು ಬಿಟ್ಟು, ಮಾರ್ಚ್-ಏಪ್ರಿಲಿನಲ್ಲಿ ಒಣಗಿರುವಾಗಲೇ ನೆಲ ಸೀಳುವ ರಿಪ್ಪರ್ ಹಾಕಿಸಿ: ಒಂದು ಮೀಟರಿಗೊಂದು ಸಾಲು, ಅರ್ಧ ಮೀಟರ್ ಆಳ, ಇಳಿಜಾರಿಗೆ ಅಡ್ಡಲಾಗಿ. ಆಮೇಲೆ ಮೇಲ್ಮಣ್ಣು. 30 ಸೆಂಟಿಮೀಟರ್ ಕೆರೆದದ್ದು ಹರಡುವಾಗ 25 ಆಗಿರುತ್ತದೆ, ಅಷ್ಟು ನಷ್ಟ ಸಹಜ. ಮೊದಲ ಮುಂಗಾರಿಗೆ ಎಕರೆಗೆ 12ರಿಂದ 15 ಕಿಲೋ ಸೆಣಬು ಚೆಲ್ಲಿ, ಹೂ ಬರುವ ಹೊತ್ತಿಗೆ, ಅಂದರೆ 45–50 ದಿನಕ್ಕೆ, ಮಣ್ಣಿಗೆ ಸೇರಿಸಿ. ಎರಡು ವರ್ಷ ಹೀಗೆ ಮಾಡದೆ ಗಿಡ ನೆಟ್ಟರೆ ಬೇಸಿಗೆಯಲ್ಲಿ ಒಣಗುತ್ತವೆ. ಅರಸೀಕೆರೆಯ ಬಿಸಿಲಿಗೆ ಹೇಳಬೇಕಾದ್ದೇನಿದೆ.

ಪ್ರಶ್ನೆ: ಕಡೂರು ಕಡೆಯ ನಮ್ಮ ಗುಂಡಿಯ ದರೆ 5 ಮೀಟರ್ ನೇರ ನಿಂತಿದೆ. ಗಟ್ಟಿ ಗರಸು, ಐದು ವರ್ಷದಿಂದ ಏನೂ ಆಗಿರಲಿಲ್ಲ. ಹೋದ ಮಳೆಗಾಲದಲ್ಲಿ ಎರಡು ಕಡೆ ಕುಸಿದು ಪಕ್ಕದವರ ಬೇಲಿಯವರೆಗೆ ಬಂದಿದೆ. ಕೆಳಗಿನಿಂದ ಕಲ್ಲಿನ ಗೋಡೆ ಕಟ್ಟಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ, ಕಟ್ಟಲು ಆ ದರೆಯ ಬುಡಕ್ಕೆ ಆಳುಗಳನ್ನು ಕಳಿಸುವುದೂ ತಪ್ಪು. ಒಣಗಿದ ಗರಸು ಅದರೊಳಗಿನ ಅಲ್ಪ ತೇವದ ಮತ್ತು ಜೇಡಿಯ ಅಂಟಿನಿಂದ ನೇರ ನಿಲ್ಲುತ್ತದೆ. ಅಂಚಿನಿಂದ ಒಂದೆರಡು ಮೀಟರ್ ಹಿಂದೆ ನೆಲದಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಬಂದಿರುತ್ತದೆ, ನೋಡಿ. ಮಳೆ ನೀರು ಅದರೊಳಗೆ ತುಂಬಿ ಹೊರಕ್ಕೆ ತಳ್ಳುತ್ತದೆ, ಅದೇ ನೀರು ಅಂಟನ್ನೂ ಕರಗಿಸುತ್ತದೆ. ಜೊತೆಗೆ ಗರಸು ಸುಲಭವಾಗಿ ಉದುರಲಿ ಎಂದು ಬುಡ ಕೊರೆದಿದ್ದರೆ ಐದು ವರ್ಷ ನಿಂತದ್ದೇ ಅದೃಷ್ಟ.

1961ರ ಲೋಹಖನಿಜ ಗಣಿ ನಿಯಮಾವಳಿಯ 106ನೇ ನಿಯಮ ಮೊರಂ (ಗರಸಿನಂಥದೇ ಮಣ್ಣು), ಗರಸು, ಜೇಡಿಗಳಿಗೆ ಹೇಳುವುದು ಇದನ್ನೇ: ಬದಿ 45 ಡಿಗ್ರಿಗಿಂತ ಕಡಿದಾಗಿರಬಾರದು, ಇಲ್ಲವೇ ಮೆಟ್ಟಿಲಾಗಿರಬೇಕು, ಮೆಟ್ಟಿಲಿನ ಎತ್ತರ ಒಂದೂವರೆ ಮೀಟರ್ ಮೀರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ಗಟ್ಟಿ ಬಂಡೆಗೆ ಇರುವ 6 ಮೀಟರಿನ ಮೆಟ್ಟಿಲನ್ನು ಗರಸಿಗೂ ಹಚ್ಚುವುದು ನಮ್ಮ ಕಡೆ ಕಾಣುವ ಸಾಮಾನ್ಯ ತಪ್ಪು.

ಬೇಸಿಗೆಯಲ್ಲಿ ಮೊದಲು ಮೇಲೆ, ಬಿರುಕಿನಿಂದ ಹಿಂದಕ್ಕೆ, ಸಣ್ಣ ಕಾಲುವೆ ತೆಗೆದು ಹೊಲದ ನೀರು ದರೆಗೆ ಬರದಂತೆ ತಿರುಗಿಸಿ. ಬಿರುಕನ್ನು ಜೇಡಿಮಣ್ಣು ತುಂಬಿ ಗುದ್ದಿ. ನಿಮ್ಮ ಕಡೆ ಗಡಿಯವರೆಗೆ ಜಾಗ ಇದ್ದಲ್ಲಿ ಯಂತ್ರವನ್ನು ಬಿರುಕಿನಿಂದ ದೂರ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಓರೆ ಮಾಡುತ್ತ ಬನ್ನಿ. ಬೇಲಿ ಅಂಚಿಗೇ ಬಂದಿರುವ ಕಡೆ ಓರೆ ಮಾಡಲು ಜಾಗವಿಲ್ಲ. ಅಲ್ಲಿ ಗುಂಡಿಯ ತಳದಿಂದ ಮಣ್ಣಿನ ಆಸರೆ ಕೊಡಬೇಕು. ದರೆಯಿಂದ ದೂರದಲ್ಲಿ ಸುರಿದು ಯಂತ್ರದ ಬಕೆಟ್ಟಿನಿಂದ ಬುಡಕ್ಕೆ ತಳ್ಳಿ, ಪದರವಾಗಿ ಏರಿಸಿ. ಒಂದಕ್ಕೆ ಎರಡರ ಇಳಿಜಾರಿಗೆ 5 ಮೀಟರ್ ದರೆಯ ಪ್ರತಿ ಮೀಟರ್ ಉದ್ದಕ್ಕೆ 25 ಘನ ಮೀಟರ್ ಮಣ್ಣು ಹಿಡಿಯುತ್ತದೆ. ಇಪ್ಪತ್ತು ಮೀಟರ್ ಬೇಲಿಗೆ 500. ತಪ್ಪು ಎಷ್ಟು ದುಬಾರಿ ಎಂದು ಗೊತ್ತಾಗುವುದು ಈ ಗುಣಾಕಾರ ಮಾಡಿದಾಗ.

ಪ್ರಶ್ನೆ: ಮೂಡಿಗೆರೆಯಲ್ಲಿ ಸಣ್ಣ ಗುಂಡಿಯೊಂದನ್ನು ಮುಚ್ಚಿ, ಮೇ ಕೊನೆಯಲ್ಲಿ ಮಣ್ಣು ಹರಡಿ ಹುಲ್ಲಿನ ಬೀಜ ಹಾಕಿಸಿದೆವು. ಜುಲೈ ಹೊತ್ತಿಗೆ ಎಲ್ಲ ಕೊಚ್ಚಿಕೊಂಡು ಹೋಗಿ, ಕೆಳಗಿನ ಕಾಫಿ ತೋಟದವರ ಹಳ್ಳ ಕೆಂಪಾಯಿತು. ಮುಂದೇನು?

ಉತ್ತರ: ದಿನ ತಪ್ಪಿತು. ಮಲೆನಾಡಿನಲ್ಲಿ ಮೇ ಕೊನೆಗೆ ಹರಡಿದ ಮಣ್ಣಿಗೆ ಬೇರು ಹಿಡಿಯಲು ಸಮಯವೇ ಸಿಗುವುದಿಲ್ಲ, ಮೃಗಶಿರಾ ದಾಟಿ ಆರಿದ್ರಾ ಮಳೆ ಹಿಡಿದುಬಿಡುತ್ತದೆ. ಅಲ್ಲಿ ಎರಡೇ ಹದ. ಒಂದು, ಏಪ್ರಿಲ್ ಮಧ್ಯಕ್ಕೆ ಮಣ್ಣಿನ ಕೆಲಸ ಮುಗಿಸಿ ಭರಣಿ ಮಳೆಗೆ ಬೀಜ ಬಿದ್ದಿರಬೇಕು. ಜೋರು ಮಳೆಗೆ ಮುಂಚೆ ಐದಾರು ವಾರ ಸಿಗುತ್ತದೆ. ಇನ್ನೊಂದು, ಉತ್ತರೆ-ಹಸ್ತದ ಹೊತ್ತಿಗೆ ಹರಡಿ ಹಿಂಗಾರಿನ ತೇವದಲ್ಲಿ ಹುಲ್ಲು ಹಿಡಿಸುವುದು. ಕಡಿದಾದ ಬದಿಗಳಿಗೆ ಎರಡನೆಯದೇ ವಾಸಿ.

ಬರೀ ಬೀಜ ಸಾಲದು. ಇಳಿಜಾರಿಗೆ ಅಡ್ಡಲಾಗಿ, ಎತ್ತರದಲ್ಲಿ ಮೀಟರಿಗೊಂದು ಸಾಲಿನಂತೆ ಲಾವಂಚ ನೆಡಿ. ಬುಡದಿಂದ ಬುಡಕ್ಕೆ 10–12 ಸೆಂಟಿಮೀಟರ್ ಇರಲಿ, ಒಂದೂ ಖಾಲಿ ಬಿಡಬೇಡಿ: ಸಾಲಿನಲ್ಲಿ ಒಂದು ಕಿಂಡಿ ಇದ್ದರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ. ಸಾಲಿನ ನಡುವೆ ತೆಂಗಿನ ನಾರಿನ ಜಾಲರಿ ಹಾಸಿ ಗೂಟ ಹೊಡೆಯಿರಿ. ಜಾಲರಿ ಮಣ್ಣಿಗೆ ಅಂಟಿಕೊಂಡಿರಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಕೆಳಗೆ ನೀರು ಹರಿದು ಮಣ್ಣು ಸದ್ದಿಲ್ಲದೆ ಹೋಗುತ್ತದೆ. ಮೇಲ್ತುದಿಯನ್ನು ಒಂದಡಿ ಚರಂಡಿಯಲ್ಲಿ ಹೂತರೆ ಇದಾಗುವುದಿಲ್ಲ.

ಕೆಂಪು ನೀರಿಗೆ ಹೂಳು ಗುಂಡಿ ಬೇಕು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್, ಈ ಲೆಕ್ಕ ಬಾಯಿಪಾಠವಿರಲಿ. ಬೋಳು ನೆಲದಿಂದ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದು ಬರುತ್ತದೆ. ಎಕರೆಗೆ 60–70 ಘನ ಮೀಟರಿನ ಗುಂಡಿ ತೀರಾ ಕನಿಷ್ಠ. ಅದನ್ನು ಒಂದೇ ದೊಡ್ಡದಾಗಿ ಮಾಡುವ ಬದಲು ಒಂದರ ಕೆಳಗೊಂದು ಎರಡಾಗಿ, ಉದ್ದ ಅಗಲದ ಮೂರು ಪಟ್ಟು ಇರುವಂತೆ ಮಾಡಿ, ನಡುವೆ ಕಲ್ಲಿನ ಕಟ್ಟೆ ಇಡಿ. ಮಳೆಗಾಲದ ನಡುವೆ ಒಮ್ಮೆಯಾದರೂ ಹೂಳು ಎತ್ತದಿದ್ದರೆ ಆಗಸ್ಟಿನಲ್ಲಿ ಅದು ಇದ್ದೂ ಇಲ್ಲದಂತೆ. ಎತ್ತಿದ ಹೂಳು ನಿಮ್ಮದೇ ಮೇಲ್ಮಣ್ಣು, ವಾಪಸ್ ಬದಿಗೇ ಹೋಗಲಿ.

ಪ್ರಶ್ನೆ: ಗುಂಡಿ ಮುಚ್ಚುವ ಬದಲು ಕೃಷಿ ಹೊಂಡವಾಗಿ ಉಳಿಸಿಕೊಳ್ಳಬಹುದೇ? ನಮ್ಮದು ಆಲೂರು ತಾಲ್ಲೂಕು. ಊರಿನವರು ಹಳೇ ಗುಂಡಿಗೆ ಕಸ, ಕಟ್ಟಡದ ಅವಶೇಷ ತಂದು ಸುರಿಯುವುದಾಗಿಯೂ ಹೇಳುತ್ತಿದ್ದಾರೆ.

ಉತ್ತರ: ಕಸ ಬೇಡ. ಗರಸಿನಲ್ಲಿ ನೀರು ಜರಡಿಯಂತೆ ಇಳಿಯುತ್ತದೆ, ಕಸದ ರಸ ಸುತ್ತಲಿನ ಬಾವಿಗಳಿಗೆ ಸೇರುತ್ತದೆ.

ಹೊಂಡಕ್ಕೂ ತೊಡಕು ಅದೇ ಜರಡಿ. ಮಳೆ ನಿಂತ ಸ್ವಲ್ಪ ದಿನಕ್ಕೆ ಖಾಲಿಯಾಗುವ ಗುಂಡಿಯಾದರೆ ಅದನ್ನು ಇಂಗುಗುಂಡಿ ಎಂದು ಒಪ್ಪಿಕೊಂಡು ಹಾಗೇ ಬಿಡಿ, ಕೆಳಗಿನ ಕೊಳವೆಬಾವಿಗಳಿಗೆ ಲಾಭ. ನೀರು ನಿಲ್ಲಲೇಬೇಕೆಂದರೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಅಥವಾ ಜೇಡಿಮಣ್ಣನ್ನು 15 ಸೆಂಟಿಮೀಟರಿನ ಮೂರು ಪದರವಾಗಿ ತುಳಿಸಬೇಕು. ಹಾಳೆಗೆ ಮೊದಲು ಚೂಪುಗಲ್ಲು ಆರಿಸಿ, ನುಣುಪು ಮಣ್ಣಿನ ಲೇಪ ಕೊಡದಿದ್ದರೆ ನೀರಿನ ಭಾರಕ್ಕೇ ತೂತು ಬೀಳುತ್ತದೆ. ಇಡೀ ಗುಂಡಿಗೆ ಹಾಸುವುದು ವ್ಯರ್ಥ. ತಗ್ಗಿನ ಮೂಲೆಯಲ್ಲಿ 3 ಮೀಟರ್ ಆಳದ ಒಂದು ಭಾಗ ಸಾಕು.

ಹಾಳೆ ಹಾಸಿದ ಹೊಂಡದಿಂದ ಬಿದ್ದವರು ಹತ್ತಿ ಬರಲಾರರು, ಪಾಚಿ ಕಟ್ಟಿದ ಮೇಲಂತೂ ಈಜು ಬಂದವರಿಗೂ ಕಷ್ಟ. ಬೇಲಿ, ಗಂಟು ಹಾಕಿದ ಹಗ್ಗ ಎರಡು ಕಡೆ, ಒಂದು ಮೂಲೆಯಲ್ಲಿ ಮೆಟ್ಟಿಲು, ಇವು ನೀರು ಬಿಡುವ ಮೊದಲೇ ಆಗಬೇಕು. ಆಲೂರು, ಸಕಲೇಶಪುರದ ಕಡೆ ಆನೆಯ ಮಾತೂ ಇದೆ. ನೇರ ದರೆಯ ಗುಂಡಿಗೆ ಇಳಿದ ಮರಿ ಮೇಲೆ ಬರಲಾರದೆ ಸಿಕ್ಕಿಬೀಳುತ್ತದೆ. ಕಡೇಪಕ್ಷ ಒಂದು ಬದಿಯನ್ನಾದರೂ ಒಂದಕ್ಕೆ ಮೂರರ ಇಳಿಜಾರು ಮಾಡಿ ಬಿಡಿ.

ಪ್ರಶ್ನೆ: "ರಸ್ತೆ ಕೆಲಸಕ್ಕೆ ಅಂದರೆ ಪರಿಸರ ಅನುಮತಿ ಬೇಡ, ಆರು ಮೀಟರ್ ಒಳಗಿದ್ದರೆ ಗಣಿ ಕಾಯ್ದೆಯೂ ಬರುವುದಿಲ್ಲ" ಎಂದು ಗುತ್ತಿಗೆದಾರರು ಹೇಳುತ್ತಾರೆ. ನಿಜವೇ? (ಬೇಲೂರು)

ಉತ್ತರ: ಮೊದಲನೆಯದನ್ನು ನಂಬಬೇಡಿ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲೇ ಗರಸು ಉಪಖನಿಜ ಎಂದಿದೆ. 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ಹೇಳಿತು. ರಸ್ತೆ, ಪೈಪ್‌ಲೈನ್ ಕಾಮಗಾರಿಗೆಂದು 2020ರಲ್ಲಿ ಕೊಟ್ಟ ವಿನಾಯಿತಿ ಸಾಧಾರಣ ಮಣ್ಣಿಗೆ ಸಂಬಂಧಿಸಿದ್ದು, ಅದನ್ನೂ ಅದೇ ಕೋರ್ಟ್ 2024ರ ಮಾರ್ಚಿನಲ್ಲಿ ರದ್ದು ಮಾಡಿತು. ಪರವಾನಗಿ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ರ ಅಡಿ ಬರುತ್ತದೆ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ತಿದ್ದುಪಡಿಗಳನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲೇ ಕೇಳಿ ತಿಳಿಯಿರಿ.

ಎರಡನೆಯದು ಅರ್ಧ ನಿಜವಾಗಿತ್ತು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆಯ 3ನೇ ಕಲಮು ಗರಸು, ಮೊರಂ ಗುಂಡಿಗಳಿಗೆ ಹೆಚ್ಚಿನ ಕಲಮುಗಳಿಂದ ವಿನಾಯಿತಿ ಕೊಡುತ್ತಿತ್ತು, ಆದರೆ ಮೂರೂ ಷರತ್ತು ಸೇರಿಯೇ ಪಾಲನೆಯಾಗಬೇಕಿತ್ತು: ಆಳ 6 ಮೀಟರ್ ಮೀರಬಾರದು, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ಕೆಲಸದಲ್ಲಿರಬಾರದು, ಸಿಡಿಮದ್ದು ಬಳಸಬಾರದು. ಎಡವುವುದು ಆಳದ ಅಳತೆಯಲ್ಲಿ. ಅದನ್ನು ಅಗೆತದ ಅತಿ ಎತ್ತರದ ಬಿಂದುವಿನಿಂದ ಅತಿ ತಗ್ಗಿನ ಬಿಂದುವಿಗೆ ಅಳೆಯುತ್ತಿದ್ದರು. ಬೇಲೂರಿನಂಥ ಏರುತಗ್ಗಿನ ನೆಲದಲ್ಲಿ ಮೇಲಂಚಿಗೂ ಕೆಳಂಚಿಗೂ 3 ಮೀಟರ್ ವ್ಯತ್ಯಾಸವಿದ್ದರೆ, ಕೆಳಗಿನ ಕಡೆ ಬರೀ 4 ಮೀಟರ್ ಅಗೆದಿದ್ದರೂ ಲೆಕ್ಕಕ್ಕೆ ಅದು 7. ಪಟ್ಟಿಗಳನ್ನು ಗುರುತು ಮಾಡುವ ದಿನವೇ ಸರ್ವೆಯವರಿಂದ ಲೆವೆಲ್ ತೆಗೆಸಿ, ಕದಲದ ಒಂದು ಕಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿಸಿಟ್ಟುಕೊಳ್ಳಿ.